ಎಲುಬು ಕರಗಿಸುವ ಕೋಶಗಳ ಹಿಂದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಡಿಗ್ರಿ ವಿಜಯಪುರದಲ್ಲಿ, ಎಂ.ಎಸ್ಸಿ. ಧಾರವಾಡದಲ್ಲಿ, ಪಿಎಚ್.ಡಿ. ಪುಣೆಯಲ್ಲಿ. ಆಮೇಲೆ ಮೂರು ವರ್ಷ ಜಪಾನು. ಈಗ ಬೆಳಗಾವಿಯಲ್ಲಿ ಒಂದು ಸಣ್ಣ ಲ್ಯಾಬ್ ನಡೆಸುತ್ತೇನೆ. ಹದಿನೆಂಟು ವರ್ಷದಿಂದ ಎಲುಬಿನ ಜೀವಕೋಶಗಳ ಜೊತೆಗೇ ಇದ್ದೇನೆ. ಮದುವೆ, ಜಾತ್ರೆ, ಕಾಲೇಜಿನ ಕಾರ್ಯಕ್ರಮ, ಎಲ್ಲಿ ಹೋದರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಂದು ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ, ನನಗೂ ಅನುಕೂಲ.

ನೀವು ಡಾಕ್ಟರ್ ಅಂತೆ. ನನ್ನ ಮೊಣಕಾಲು ಸ್ವಲ್ಪ ನೋಡ್ತೀರಾ?

ನೋಡಬಹುದು. ಆದರೆ ನೋಡಿ ಏನೂ ಹೇಳಲಾರೆ. ನಾನು ಪಿಎಚ್.ಡಿ. ಡಾಕ್ಟರ್. ಔಷಧದ ಚೀಟಿ ಬರೆಯುವ ಹಾಗಿಲ್ಲ. "ಯಕ್ಕಾ, ಮತ್ತ ಇಷ್ಟು ವರ್ಷ ಓದಿ ಏನ್ ಉಪಯೋಗ ಆತು?" ಅಂತ ನಮ್ಮ ಕಾಕಾನ ಮಗ ಪ್ರತಿ ಹಬ್ಬಕ್ಕೂ ಕೇಳುತ್ತಾನೆ. ಅವನಿಗೆ ಉತ್ತರ ಕೆಳಗೆ ಇದೆ, ಓದಲಿ.

ಎಲುಬು ಕಲ್ಲಿನ ಹಾಗೆ ಗಟ್ಟಿ. ಅದರೊಳಗೆ ಜೀವಕೋಶ ಎಲ್ಲಿಂದ ಬಂತು?

ನಾವು ನೋಡುವ ಎಲುಬು ಸಾಮಾನ್ಯವಾಗಿ ಸತ್ತದ್ದು. ಹೊಲದಲ್ಲಿ ಬಿದ್ದಿರುವುದು, ಇಲ್ಲವೇ ಶಾಲೆಯ ಗಾಜಿನ ಕಪಾಟಿನಲ್ಲಿ ನೇತಾಡುವುದು. ಮೈಯೊಳಗಿನ ಎಲುಬಿನ ಕತೆ ಬೇರೆ. ಅದರಲ್ಲಿ ರಕ್ತ ಹರಿಯುತ್ತದೆ, ನರಗಳಿವೆ, ಮೂರು ಬಗೆಯ ಕೋಶಗಳು ಹಗಲೂ ರಾತ್ರಿ ಕೆಲಸ ಮಾಡುತ್ತವೆ.

ಹಳೇ ವಾಡೆಯ ಗೋಡೆ ರಿಪೇರಿ ಮಾಡುವುದನ್ನು ನೋಡಿದ್ದೀರಲ್ಲ? ಮೊದಲು ಒಬ್ಬ ಆಳು ಸಡಿಲಾದ ಗಚ್ಚನ್ನು ಕೆತ್ತಿ ಕೆಡವುತ್ತಾನೆ. ಆಮೇಲೆ ಗೌಂಡಿ ಬಂದು ಹೊಸ ಗಚ್ಚು ತುಂಬುತ್ತಾನೆ. ಎಲುಬಿನಲ್ಲೂ ಹಾಗೇ. ಕೆಡವುವ ಕೋಶದ ಹೆಸರು ಆಸ್ಟಿಯೋಕ್ಲಾಸ್ಟ್, ಕಟ್ಟುವ ಗೌಂಡಿಯ ಹೆಸರು ಆಸ್ಟಿಯೋಬ್ಲಾಸ್ಟ್. ಕಟ್ಟುತ್ತಾ ಕಟ್ಟುತ್ತಾ ಕೆಲವು ಗೌಂಡಿಗಳು ತಾವೇ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತವೆ. ಆಗ ಅವುಗಳಿಗೆ ಆಸ್ಟಿಯೋಸೈಟ್ ಅನ್ನುತ್ತೇವೆ. ಎಲುಬಿನ ಕೋಶಗಳಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಇವೇ. ಒಳಗೆ ಕೂತು, ಎಲ್ಲಿ ಭಾರ ಬೀಳುತ್ತಿದೆ, ಎಲ್ಲಿ ಬಿರುಕು ಬಿಟ್ಟಿದೆ ಅಂತ ಗಮನಿಸಿ ಉಳಿದವರಿಗೆ ಸುದ್ದಿ ಮುಟ್ಟಿಸುತ್ತವೆ.

ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು 10 ಶೇಕಡಾ ಎಲುಬು ಹೀಗೆ ಹೊಸದಾಗುತ್ತದೆ. ಒಂದು ಜಾಗದಲ್ಲಿ ಕೆಡವುವುದು ಎರಡು-ಮೂರು ವಾರದ ಕೆಲಸ. ಅದನ್ನೇ ಮತ್ತೆ ತುಂಬಲು ಮೂರು-ನಾಲ್ಕು ತಿಂಗಳು. ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆ ಕೆಡವುವ ಕೋಶವನ್ನೇ ನಿಲ್ಲಿಸಿಬಿಟ್ಟರೆ ಎಲುಬು ಗಟ್ಟಿಯಾಗಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಆದರೆ ಆಸ್ಟಿಯೋಕ್ಲಾಸ್ಟ್ ಕೆಲಸ ಮಾಡದೇ ಹುಟ್ಟುವ ಮಕ್ಕಳಿದ್ದಾರೆ. ಆ ಕಾಯಿಲೆಗೆ ಆಸ್ಟಿಯೋಪೆಟ್ರೋಸಿಸ್ ಅನ್ನುತ್ತಾರೆ, ಅಂದರೆ ಎಲುಬು ಕಲ್ಲಾಗುವುದು. ಎಕ್ಸ್‌ರೇಯಲ್ಲಿ ಎಲುಬು ಬೆಳ್ಳಗೆ, ದಪ್ಪಗೆ, ಇಳಕಲ್ಲಿನ ಗ್ರಾನೈಟಿನಷ್ಟು ಗಟ್ಟಿ ಅನ್ನಿಸುವ ಹಾಗೆ ಕಾಣುತ್ತದೆ. ಆದರೆ ಸಣ್ಣ ಪೆಟ್ಟಿಗೇ ಮುರಿಯುತ್ತದೆ. ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆಗೆ ಜಾಗವೇ ಉಳಿಯುವುದಿಲ್ಲ, ಹಾಗಾಗಿ ರಕ್ತ ಕಡಿಮೆ. ತೀವ್ರವಾದ ಕಾಯಿಲೆಗೆ ಬೇರೆಯವರ ಮಜ್ಜೆ ಹಾಕುವ ಚಿಕಿತ್ಸೆ ಇದೆ. ಇಲ್ಲಿ ಸ್ವಾರಸ್ಯ ಏನಂದರೆ, ಆಸ್ಟಿಯೋಕ್ಲಾಸ್ಟ್ ಮೂಲದಲ್ಲಿ ಎಲುಬಿನ ಮನೆತನದ್ದೇ ಅಲ್ಲ. ಅದು ರಕ್ತದ ಬಿಳಿ ಕೋಶಗಳ ವಂಶದ್ದು. ಹಾಗಾಗಿಯೇ ಮಜ್ಜೆ ಬದಲಿಸಿದರೆ ಕೆಡವುವ ಆಳುಗಳೂ ಹೊಸಬರು ಬರುತ್ತಾರೆ.

ಎಲುಬು ಗಟ್ಟಿಯಿದ್ದರೆ ಸಾಲದು ಅನ್ನುವುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಅದಕ್ಕೇ ಮುಂದಿನ ಪ್ರಶ್ನೆ.

ಇಷ್ಟೆಲ್ಲ ವಿಷಯ ಬಿಟ್ಟು ಎಲುಬಿಗೇ ಯಾಕೆ ಬಂದ್ರಿ?

ನಮ್ಮ ಮುತ್ತ್ಯಾನ ಬೆನ್ನಿನಿಂದ. ಅವರು ತಿರುಗಿ ನೋಡಬೇಕಾದರೆ ಕುತ್ತಿಗೆ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಿಸುತ್ತಿದ್ದರು. ಬಾಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ವಯಸ್ಸಾಗಿದೆ, ಹಾಗೇ ಇರುತ್ತದೆ ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ನಾನು ಬಿ.ಎಸ್ಸಿ. ಓದುವಾಗ ಒಮ್ಮೆ ಎಕ್ಸ್‌ರೇ ಮಾಡಿಸಿದರು. ಬೆನ್ನುಮೂಳೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಕಂಡಿತು. ಡಾಕ್ಟರು ಕೇಳಿದ ಮೊದಲ ಮಾತು: "ಕುಡಿಯೋ ನೀರು ಯಾವುದು?"

ಬೋರ್‌ವೆಲ್ಲಿನದು. ನಾನೂ ಅದೇ ನೀರು ಕುಡಿದು ಬೆಳೆದವಳು. ನನ್ನ ಮುಂದಿನ ಹಲ್ಲುಗಳ ಮೇಲೆ ಇವತ್ತಿಗೂ ಕಂದು ಗೆರೆಗಳಿವೆ. ಫೋಟೋದಲ್ಲಿ ಬಾಯಿ ಮುಚ್ಚಿ ನಗುವುದು ಯಾಕೆ ಅಂತ ಕೇಳುವವರಿಗೂ ಇದೇ ಉತ್ತರ.

ಫ್ಲೂರೈಡ್ ಎಲುಬಿಗೆ ಏನು ಮಾಡುತ್ತದೆ?

ನಮ್ಮ ಕಡೆ ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರವೇ ಬೇಕು.

ಫ್ಲೂರೈಡ್ ಕಲ್ಲಿನಿಂದ ನೀರಿಗೆ ಬರುತ್ತದೆ. ಹುನಗುಂದ, ಇಳಕಲ್ ಕಡೆ ನೆಲದಡಿ ಗ್ರಾನೈಟ್ ಜಾತಿಯ ಬಂಡೆ. ನೀರು ಆ ಬಂಡೆಯ ಸಂದಿಯಲ್ಲಿ ಎಷ್ಟು ಕಾಲ ನಿಲ್ಲುತ್ತದೋ ಅಷ್ಟು ಫ್ಲೂರೈಡ್ ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಇರಬಹುದು. ಇದು ನಮ್ಮ ದೇಶದ ಮಾನದಂಡ. ಎಲ್ಲ ಬೋರ್‌ವೆಲ್ ಕೆಟ್ಟದ್ದು ಅಂತ ಅಲ್ಲ. ಒಂದೇ ಊರಲ್ಲಿ ಒಂದು ಬೋರ್ ಚೆನ್ನಾಗಿದ್ದು ಪಕ್ಕದ್ದು ಕೆಟ್ಟಿರಬಹುದು. ಪರೀಕ್ಷೆ ಮಾಡಿಸದೆ ರುಚಿ ನೋಡಿ ಗೊತ್ತಾಗುವುದಿಲ್ಲ.

ಮೈಗೆ ಸೇರಿದ ಫ್ಲೂರೈಡಿನಲ್ಲಿ ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ. ಒಳಗೆ ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಎಲುಬು ಮತ್ತು ಹಲ್ಲಿನಲ್ಲೇ ಕೂರುತ್ತದೆ. ಎಲುಬಿನ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್. ಅದರ ಹರಳಿನಲ್ಲಿ ಹೈಡ್ರಾಕ್ಸಿಲ್ ಇರುವ ಜಾಗಕ್ಕೆ ಫ್ಲೂರೈಡ್ ಬಂದು ಕೂತರೆ ಹರಳು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಟೂತ್‌ಪೇಸ್ಟಿನಲ್ಲಿ ಸ್ವಲ್ಪ ಫ್ಲೂರೈಡ್ ಹಾಕುವುದು ಇದೇ ಗುಣಕ್ಕೆ. ಜೊತೆಗೆ ಅದು ಗೌಂಡಿ ಕೋಶಗಳನ್ನು ಕೆರಳಿಸುತ್ತದೆ. ಎಲುಬು ಬೇಕಾದ್ದಕ್ಕಿಂತ ದಪ್ಪವಾಗುತ್ತದೆ, ಎಲುಬನ್ನು ಕಟ್ಟಿಹಿಡಿದ ನಾರುಗಳೂ ಸುಣ್ಣಗಟ್ಟುತ್ತವೆ. ಮುತ್ತ್ಯಾನ ಕುತ್ತಿಗೆ ತಿರುಗದೇ ಇದ್ದದ್ದು ಅದಕ್ಕೇ.

ದಪ್ಪವಾದರೆ ಗಟ್ಟಿ ಆಯ್ತಲ್ಲ ಅಂತ ವಿಜ್ಞಾನಿಗಳೂ ಒಂದು ಕಾಲಕ್ಕೆ ಅಂದುಕೊಂಡಿದ್ದರು. ಎಲುಬು ಸವೆದ ಹೆಂಗಸರಿಗೆ ಸೋಡಿಯಂ ಫ್ಲೂರೈಡನ್ನೇ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೊ ಕ್ಲಿನಿಕ್‌ನವರು 202 ಹೆಂಗಸರ ಮೇಲೆ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಬಂತು. ಬೆನ್ನುಮೂಳೆಯ ಸಾಂದ್ರತೆ 35 ಶೇಕಡಾ ಏರಿತ್ತು! ಆದರೆ ಬೆನ್ನಿನ ಮುರಿತ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ, ಮೈಯ ಬೇರೆ ಎಲುಬುಗಳ ಮುರಿತ ಜಾಸ್ತಿಯಾಯಿತು. ಪಿಎಚ್.ಡಿ. ಮೊದಲ ವರ್ಷದಲ್ಲಿ ಆ ಲೇಖನ ಓದಿದೆ. ಆ ರಾತ್ರಿ ಮೆಸ್ಸಿಗೆ ಊಟಕ್ಕೆ ಹೋಗಲಿಲ್ಲ. ದೊಡ್ಡ ದೊಡ್ಡವರು 202 ಜನರ ಮೇಲೆ ನಾಲ್ಕು ವರ್ಷ ನೋಡಿ ತಿಳಿದುಕೊಂಡದ್ದು ನಮ್ಮೂರ ಕಟ್ಟೆಯ ಮೇಲೆ ಸುಮ್ನೆ ಕೂತಿತ್ತು ಅನ್ನಿಸಿತು.

ನೀರು ಕುದಿಸಿದರೆ ಫ್ಲೂರೈಡ್ ಹೋಗುತ್ತಾ?

ಇಲ್ಲ. ನೀರು ಆವಿಯಾಗಿ ಫ್ಲೂರೈಡ್ ಉಳಿಯುತ್ತದೆ, ಪ್ರಮಾಣ ಏರುತ್ತದೆ. ಆರ್‌.ಒ. ಯಂತ್ರ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹೊಳೆ ನೀರು, ಮಳೆ ನೀರು. ಮನೆಗೆ ನದಿ ನೀರಿನ ನಳ ಬಂದಿದ್ದರೆ ಮಕ್ಕಳಿಗೆ ಅದನ್ನೇ ಕುಡಿಸಿ. ಹಲ್ಲಿನ ಕಲೆ ಹಲ್ಲು ಬಲಿಯುವ ವಯಸ್ಸಿನಲ್ಲೇ ಬೀಳುವುದು.

ದಿನಾ ಲ್ಯಾಬಿನಲ್ಲಿ ಏನು ಮಾಡ್ತೀರಿ?

ಕೋಶಗಳಿಗೆ ಊಟ ಹಾಕುತ್ತೇನೆ. ತಮಾಷೆ ಅಲ್ಲ. ಇಲಿಯ ಮಜ್ಜೆಯಿಂದ ಬಿಳಿ ಕೋಶ ತೆಗೆದು ತಟ್ಟೆಯಲ್ಲಿ ಹಾಕಿ, 37 ಡಿಗ್ರಿ ಬಿಸಿ ಮತ್ತು 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವೆ. ಎಂ-ಸಿಎಸ್‌ಎಫ್ ಮತ್ತು ರ‍್ಯಾಂಕ್‌ಎಲ್ ಅನ್ನುವ ಎರಡು ಪ್ರೋಟೀನ್ ಕೊಡಬೇಕು. ಎರಡು-ಮೂರು ದಿನಕ್ಕೊಮ್ಮೆ ದ್ರವ ಬದಲಿಸಬೇಕು. ನಾಲ್ಕನೇ ದಿನದವರೆಗೆ ಏನೂ ಇಲ್ಲ. ಆಮೇಲೆ ಸಣ್ಣ ಕೋಶಗಳು ಒಂದಕ್ಕೊಂದು ಅಂಟಿ, ಒಂದರೊಳಗೊಂದು ಸೇರಿ, ದೊಡ್ಡದೊಂದು ಕೋಶವಾಗುತ್ತವೆ. ಒಂದೇ ಕೋಶದಲ್ಲಿ ಐದು, ಹತ್ತು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕೇಂದ್ರಗಳು (ನ್ಯೂಕ್ಲಿಯಸ್). ಅದೇ ಆಸ್ಟಿಯೋಕ್ಲಾಸ್ಟ್. ಟ್ರ್ಯಾಪ್ ಅನ್ನುವ ಬಣ್ಣ ಹಾಕಿದರೆ ವಿಜಯಪುರದ ಕರಿ ದ್ರಾಕ್ಷಿ ಹಿಸುಕಿದ ಹಾಗೆ ಕೆಂಪು-ನೇರಳೆ. ಮೂರು ಅಥವಾ ಅದಕ್ಕಿಂತ ಜಾಸ್ತಿ ಕೇಂದ್ರ ಇದ್ದರೆ ಮಾತ್ರ ಲೆಕ್ಕಕ್ಕೆ. ಉಳಿದ ಕೆಲಸವೆಲ್ಲ ಕೂತು ಎಣಿಸುವುದು.

ಎಲುಬಿನ ತೆಳು ಚೂರಿನ ಮೇಲೆ ಬೆಳೆಸಿದರೆ ಇನ್ನೂ ಚೆಂದ. ಕೋಶ ಅಂಚನ್ನು ಉಂಗುರದ ಹಾಗೆ ಒತ್ತಿ ಕೂರುತ್ತದೆ, ಒಳಗಡೆ ಆಮ್ಲ ಸುರಿಸುತ್ತದೆ. ಖನಿಜ ಕರಗಿದ ಮೇಲೆ ಉಳಿದ ಪ್ರೋಟೀನನ್ನು ಕತ್ತರಿಸಲು ಕೆಥೆಪ್ಸಿನ್ ಕೆ ಅನ್ನುವ ಕಿಣ್ವ. ಅದು ಎದ್ದು ಹೋದ ಜಾಗದಲ್ಲಿ ಕುಳಿ ಉಳಿಯುತ್ತದೆ.

ತೊಂದರೆ ಒಂದೇ. ಆರನೇ ದಿನ ಅವು ಪೂರ್ತಿ ಬೆಳೆದಿರುತ್ತವೆ. ಏಳು, ಎಂಟಕ್ಕೆ ಸಾಯಲು ಶುರು. ಆರನೇ ದಿನ ಭಾನುವಾರ ಬಂದರೂ ಹೋಗಲೇಬೇಕು. ಸ್ವಂತ ತಂಗಿಯ ಅರಿಶಿನದ ದಿನ ನಾನು ಇನ್‌ಕ್ಯುಬೇಟರ್ ಮುಂದೆ ಇದ್ದೆ. ಮೆಹನತ್ತು ದೊಡ್ಡದು ಅಂತ ಹೇಳುತ್ತಿಲ್ಲ. ದಿನ ಎಣಿಸುವುದರಲ್ಲಿ ತಪ್ಪಿದ್ದೆ, ಅಷ್ಟೇ. ತಂಗಿ ಇನ್ನೂ ಮರೆತಿಲ್ಲ.

ಇದರಿಂದ ಯಾರಿಗಾದರೂ ಉಪಯೋಗ ಆಗಿದೆಯಾ?

ಕಾಕಾನ ಮಗ ಇಲ್ಲಿಂದ ಓದಬೇಕು. ಆಸ್ಟಿಯೋಕ್ಲಾಸ್ಟ್ ತಾನೇ ಹುಟ್ಟುವುದಿಲ್ಲ, ಗೌಂಡಿ ಕೋಶಗಳು ಕರೆದರೆ ಹುಟ್ಟುತ್ತದೆ ಅನ್ನುವುದನ್ನು 1980ರ ದಶಕದಲ್ಲಿ ಜಪಾನಿನ ತತ್ಸುವೊ ಸುಡಾ, ನವೊಯುಕಿ ತಕಹಾಶಿ ಮತ್ತು ಜೊತೆಗಾರರು ತಟ್ಟೆಯಲ್ಲಿ ಎರಡೂ ಕೋಶ ಒಟ್ಟಿಗೆ ಬೆಳೆಸಿ ತೋರಿಸಿದರು. ಆದರೆ ಆ ಕರೆ ಯಾವುದು? ಹತ್ತು ವರ್ಷ ಹುಡುಕಿದರು. 1997ರಲ್ಲಿ ಮೊದಲು ಸಿಕ್ಕಿದ್ದು ಕರೆಯಲ್ಲ, ಕರೆಯನ್ನು ತಡೆಯುವ ಪ್ರೋಟೀನ್, ಓಪಿಜಿ. ಅದನ್ನು ಹಿಡಿದು ಮರುವರ್ಷ ಕರೆಯನ್ನೇ ಹಿಡಿದರು. ಅದೇ ರ‍್ಯಾಂಕ್‌ಎಲ್. ಅದನ್ನು ತಡೆಯುವ ಡೆನೊಸುಮ್ಯಾಬ್ ಅನ್ನುವ ಇಂಜೆಕ್ಷನ್‌ಗೆ 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆರು ತಿಂಗಳಿಗೊಂದು. ನಮ್ಮ ದೇಶದಲ್ಲೂ ಎಲುಬು ಸವೆದವರಿಗೆ ಕೊಡುತ್ತಾರೆ. ತಟ್ಟೆಯಲ್ಲಿ ದ್ರಾಕ್ಷಿ ಬಣ್ಣದ ಕೋಶ ಎಣಿಸಿದವರ ಕೆಲಸ ಅದು.

ಎಲ್ಲ ಕತೆಯೂ ಹಾಗೆ ಮುಗಿಯುವುದಿಲ್ಲ. ಕೆಥೆಪ್ಸಿನ್ ಕೆ ತಡೆಯುವ ಒಡಾನಕಾಟಿಬ್ ಅನ್ನುವ ಮಾತ್ರೆ ಮುರಿತವನ್ನೇನೋ ಕಡಿಮೆ ಮಾಡಿತು. ಆದರೆ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಜಾಸ್ತಿ ಕಂಡಿತು. 2016ರಲ್ಲಿ ಕೈಬಿಟ್ಟರು. ಅದರ ಹಿಂದೆ ಎಷ್ಟು ಜನರ ಎಷ್ಟು ಆರನೇ ದಿನಗಳು ಹೋಗಿದ್ದವೋ.

ನಿಮ್ಮ ಪ್ರಯೋಗ ಯಾವಾಗಾದರೂ ಫೇಲ್ ಆಗಿದೆಯಾ?

ಯಾವಾಗ ಆಗಿಲ್ಲ ಅಂತ ಕೇಳಿ. ಒಂದು ಸಲ ನಾಲ್ಕು ತಿಂಗಳು ಒಂದೂ ಆಸ್ಟಿಯೋಕ್ಲಾಸ್ಟ್ ಹುಟ್ಟಲಿಲ್ಲ. ಇಲಿ ಬದಲಿಸಿದೆ, ಪ್ರೋಟೀನ್ ಬದಲಿಸಿದೆ, ನನ್ನ ಕೈಗುಣದ ಮೇಲೇ ಅನುಮಾನ ಬಂತು. ಕೊನೆಗೆ ನೋಡಿದರೆ ಕೋಶದ ಊಟಕ್ಕೆ ಹಾಕುವ ಸೀರಮ್ ಹೊಸ ಬ್ಯಾಚಿನದು. ಒಂದು ಬ್ಯಾಚಿನಲ್ಲಿ ಬೆಳೆಯುವ ಕೋಶ ಇನ್ನೊಂದರಲ್ಲಿ ಬೆಳೆಯುವುದಿಲ್ಲ. ಈಗ ಹೊಸ ಬಾಟಲಿ ಬಂದರೆ ಮೊದಲು ಸ್ವಲ್ಪ ತರಿಸಿ ಪರೀಕ್ಷೆ ಮಾಡುತ್ತೇವೆ. ಬೀಜ ಬಿತ್ತುವ ಮುಂಚೆ ಮೊಳಕೆ ಕಟ್ಟಿ ನೋಡುವುದಿಲ್ವಾ, ಹಾಗೆ.

ಇನ್ನೊಂದು ದೊಡ್ಡದು. ಎರಡು ವರ್ಷ ಒಂದು ಪ್ರೋಟೀನಿನ ಹಿಂದೆ ಬಿದ್ದಿದ್ದೆ. ಅದನ್ನು ಗುರುತಿಸುವ ಆಂಟಿಬಾಡಿ ಬೇರೆಯದೇ ಪ್ರೋಟೀನನ್ನು ಗುರುತಿಸುತ್ತಿತ್ತು. ಎರಡು ವರ್ಷದ ನೋಟ್‌ಬುಕ್ ಈಗ ಕಪಾಟಿನ ಮೇಲಿನ ಹಲಗೆಯಲ್ಲಿದೆ. ಹೊಸ ವಿದ್ಯಾರ್ಥಿಗಳು ಬಂದಾಗ ಅದನ್ನೇ ಮೊದಲು ಓದಲು ಕೊಡುತ್ತೇನೆ.

ಇಲಿಗಳನ್ನು ಕೊಲ್ತೀರಾ?

ಹೌದು. ಸುತ್ತಿ ಬಳಸಿ ಹೇಳುವುದಿಲ್ಲ. ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ. ಎಷ್ಟು ಬೇಕು, ಯಾಕೆ ಅಷ್ಟೇ ಬೇಕು ಅಂತ ಬರೆದುಕೊಡಬೇಕು. ಆಗುವ ಕಡೆ ಲ್ಯಾಬಿನಲ್ಲೇ ಬೆಳೆಸಿ ಉಳಿಸಿಕೊಂಡ ಕೋಶಗಳ ತಳಿಯಲ್ಲೇ ಕೆಲಸ ಮುಗಿಸುತ್ತೇವೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಇಂಥ ತಳಿಗಳ ಭಂಡಾರವೇ ಇದೆ. ಒಮ್ಮೆ ಅಲ್ಲಿಂದ ಫ್ಲಾಸ್ಕ್ ತರುವಾಗ ರಾತ್ರಿ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಕಂಡಕ್ಟರ್ "ಬಾಕರವಡಿ ಏನ್ರಿ ಬಾಯಾರ?" ಅಂದ. ಹೌದು ಅಂದೆ. ಇನ್ನೇನು ಹೇಳುವುದು.

ಮಂಗರಬಳ್ಳಿ ಕಟ್ಟಿದರೆ ಮುರಿದ ಎಲುಬು ಕೂಡುತ್ತದೆ ಅಂತಾರೆ. ನಿಜವಾ?

ಸಂದುಬಳ್ಳಿ ಅಂತಲೂ ಕರೆಯುತ್ತಾರೆ. ಅದರ ಸಾರ ಗೌಂಡಿ ಕೋಶಗಳಿಗೆ ಚುರುಕು ಕೊಡುವುದನ್ನು ತಟ್ಟೆಯಲ್ಲೂ ಇಲಿಗಳಲ್ಲೂ ಹಲವರು ನೋಡಿದ್ದಾರೆ. ಹಿರಿಯರು ಸುಮ್ನೆ ಹೇಳಿದ್ದಲ್ಲ. ಆದರೆ ತಟ್ಟೆಯಲ್ಲಿ ಆಗುವುದೆಲ್ಲ ಮನುಷ್ಯರಲ್ಲಿ ಆಗುವುದಿಲ್ಲ ಅನ್ನುವುದನ್ನು ಮೇಲೆ ನೋಡಿದಿರಲ್ಲ. ಮುರಿದ ಎಲುಬು ಮೊದಲು ನೆಟ್ಟಗೆ ಕೂರಬೇಕು. ಓರೆ ಕೂತರೆ ಯಾವ ಬಳ್ಳಿಯೂ ನೆಟ್ಟಗೆ ಮಾಡದು. ಮೊದಲು ಎಕ್ಸ್‌ರೇ, ಆಮೇಲೆ ಚಟ್ನಿ ಬೇಕಾದರೆ ಮಾಡಿಕೊಂಡು ತಿನ್ನಿ. ಚೆನ್ನಾಗಿರುತ್ತದೆ, ಕೈ ತುರಿಸುತ್ತದೆ, ಎಣ್ಣೆ ಹಚ್ಚಿಕೊಂಡು ಕೊಯ್ಯಿರಿ.

ಜೋಳ ಬಿಟ್ಟು ರಾಗಿ ತಿನ್ನಬೇಕಾ?

ಜೋಳ ಯಾಕೆ ಬಿಡಬೇಕು? ಕ್ಯಾಲ್ಸಿಯಂ ಲೆಕ್ಕದಲ್ಲಿ ರಾಗಿ ಮುಂದೆ, ನಿಜ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಜೋಳದಲ್ಲಿ ಅದರ ಹತ್ತರಲ್ಲೊಂದು ಭಾಗವೂ ಇಲ್ಲ. ಆದರೆ ನಾವು ಬರೀ ರೊಟ್ಟಿ ತಿನ್ನುತ್ತೇವಾ? ಮೊಸರು, ಗುರೆಳ್ಳು ಹಿಂಡಿ, ಸೊಪ್ಪು ಇದೆ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿಗೆ ಮಾತ್ರ ಯಾಕೆ ಮಾಡುತ್ತೇವೋ ನನಗೆ ಗೊತ್ತಿಲ್ಲ. ಬಿಸಿಲಿಗೆ ಮೈ ಒಡ್ಡಿ, ನಡೆಯಿರಿ. ಭಾರ ಬಿದ್ದ ಕಡೆ ಎಲುಬು ಬೆಳೆಯುತ್ತದೆ. ಬಾಹ್ಯಾಕಾಶಕ್ಕೆ ಹೋದವರ ಸೊಂಟದ ಎಲುಬು ತಿಂಗಳಿಗೆ ಒಂದು ಶೇಕಡಾದಷ್ಟು ಕರಗುತ್ತದೆ, ಅಲ್ಲಿ ಭಾರವೇ ಇಲ್ಲವಲ್ಲ.

ಮಗಳು ಕನ್ನಡ ಮೀಡಿಯಂ. ಇಂಥ ಕೆಲಸಕ್ಕೆ ಬರಬಹುದಾ? ಹೊಟ್ಟೆ ತುಂಬುತ್ತದಾ?

ನಾನೂ ಹತ್ತನೆಯವರೆಗೆ ಕನ್ನಡ ಮೀಡಿಯಂ. ಪಿಯುಸಿ ಮೊದಲ ಆರು ತಿಂಗಳು ಕ್ಲಾಸಿನಲ್ಲಿ ಅತ್ತಿದ್ದೇನೆ. ಇಂಗ್ಲಿಷ್ ಬರುತ್ತದೆ, ಸಮಯ ಬೇಕು ಅಷ್ಟೇ. ಬಿ.ಎಸ್ಸಿ., ಎಂ.ಎಸ್ಸಿ. ಆದಮೇಲೆ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನೆಯ ವಿದ್ಯಾರ್ಥಿವೇತನ) ಸಿಕ್ಕರೆ ಪಿಎಚ್.ಡಿ. ಮಾಡುವಾಗಲೇ ಹಣ ಬರುತ್ತದೆ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ಅದಾದ ಮೇಲೆ ಇನ್ನೂ ಮೂರು-ನಾಲ್ಕು ವರ್ಷ ಬೇರೆಯವರ ಲ್ಯಾಬಿನಲ್ಲಿ. ಕಾಯಂ ಕೆಲಸ ಸಿಗುವಷ್ಟರಲ್ಲಿ ನನಗೆ 35 ದಾಟಿತ್ತು. ದುಡ್ಡಿಗಿಂತ ಕಷ್ಟ "ಇನ್ನೂ ಓದಾಕತ್ತಾಳ ಏನ್?" ಅನ್ನುವ ಪ್ರಶ್ನೆ. ಅದಕ್ಕೆ ತಂದೆ-ತಾಯಿ ತಯಾರಿದ್ದರೆ ಮಗಳು ತಯಾರಿರುತ್ತಾಳೆ. ಸ್ಟೈಪೆಂಡ್ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ನನಗೆ ಒಮ್ಮೆ ಏಳು ತಿಂಗಳು ಬರಲಿಲ್ಲ. ಕೈಯಲ್ಲಿ ಸ್ವಲ್ಪ ಇಟ್ಟುಕೊಂಡಿರಿ.

ಜಪಾನ್ ಬಿಟ್ಟು ಬೆಳಗಾವಿಗೆ ಯಾಕೆ ಬಂದ್ರಿ?

ಒಂದು ಪ್ರಶ್ನೆ ಉಳಿದಿತ್ತು. ಫ್ಲೂರೈಡ್ ಕೂತ ಎಲುಬು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ ಅಂತ ಹೇಳಿದೆ. ನನ್ನ ಕೋಶಗಳ ಆಯುಧವೇ ಆಮ್ಲ. ಹಾಗಾದರೆ ಅಂಥ ಎಲುಬಿನ ಮೇಲೆ ಕೂತಾಗ ಅವು ಏನು ಮಾಡುತ್ತವೆ? ಕುಳಿ ತೋಡುತ್ತವಾ, ತೋಡಲಾಗದೆ ಸಾಯುತ್ತವಾ, ಇನ್ನಷ್ಟು ಆಳುಗಳನ್ನು ಕರೆಯುತ್ತವಾ? ಒಳ್ಳೆಯ ನೀರು ಸಿಕ್ಕ ಮೇಲೆ ಹಳೇ ಫ್ಲೂರೈಡ್ ಹೊರಗೆ ಬರಬೇಕಾದರೂ ಅವೇ ಕೆಡವಬೇಕಲ್ಲ. ಈ ಪ್ರಶ್ನೆಯನ್ನು ಜಪಾನಿನಲ್ಲೂ ನೋಡಬಹುದಿತ್ತು. ಆದರೆ ಅಲ್ಲಿ ಯಾರಿಗೂ ಇದರಿಂದ ನಿದ್ದೆ ಕೆಡುತ್ತಿರಲಿಲ್ಲ. ಇಲ್ಲಿ ಕರೆಂಟ್ ಹೋಗುತ್ತದೆ, ಸಾಮಾನು ತಡವಾಗಿ ಬರುತ್ತದೆ, ಮಳೆಗಾಲದಲ್ಲಿ ಇನ್‌ಕ್ಯುಬೇಟರಿಗೆ ಬೂಷ್ಟು ಹಿಡಿಯುತ್ತದೆ. ಇರಲಿ.

ಉತ್ತರ ಸಿಕ್ಕಿತಾ?

ಅರ್ಧ. ಕುಳಿಗಳು ಕಡಿಮೆ ಆಳ ಇರುವುದು ಕಾಣುತ್ತಿದೆ. ಯಾಕೆ ಅನ್ನುವುದರ ಮೇಲೆ ನನಗೂ ನನ್ನ ವಿದ್ಯಾರ್ಥಿನಿಗೂ ಜಗಳ ನಡೆದಿದೆ. ಅವಳೇ ಸರಿ ಅನ್ನಿಸುತ್ತಿದೆ, ಇನ್ನೂ ಅವಳಿಗೆ ಹೇಳಿಲ್ಲ.

ಶಾಲೆಯ ಮಕ್ಕಳಿಗೆ ಮನೆಯಲ್ಲೇ ತೋರಿಸಬಹುದಾದದ್ದು ಏನಾದರೂ ಇದೆಯಾ?

ಇದೆ. ಕೋಳಿ ಕಾಲಿನ ಎಲುಬನ್ನು ಚೆನ್ನಾಗಿ ತೊಳೆದು ವಿನೆಗರ್ ತುಂಬಿದ ಬಾಟಲಿಯಲ್ಲಿ ಒಂದು ವಾರ ಮುಳುಗಿಸಿಡಿ. ನಡುವೆ ಒಮ್ಮೆ ವಿನೆಗರ್ ಬದಲಿಸಿ. ಆಮ್ಲ ಖನಿಜವನ್ನು ಕರಗಿಸುತ್ತದೆ, ನಾರಿನಂಥ ಕೊಲಾಜೆನ್ ಉಳಿಯುತ್ತದೆ. ಎಲುಬು ರಬ್ಬರಿನ ಹಾಗೆ ಬಾಗುತ್ತದೆ. ಇನ್ನೊಂದು ಎಲುಬನ್ನು ಒಲೆಯ ಕೆಂಡದಲ್ಲಿ ಸುಟ್ಟರೆ ಕೊಲಾಜೆನ್ ಹೋಗಿ ಖನಿಜ ಮಾತ್ರ ಉಳಿಯುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿ. ಸುಡುವುದನ್ನು ದೊಡ್ಡವರು ಮಾಡಿ, ಮತ್ತು ಅಂಗಳದಲ್ಲಿ ಮಾಡಿ. ವಾಸನೆಗೆ ಮನೆಯವರು ನನಗೆ ಬೈಯುವುದು ಬೇಡ.

ನಿಮ್ಮ ಲ್ಯಾಬ್ ನೋಡಲು ಬರಬಹುದಾ?

ಬನ್ನಿ. ಶಾಲೆಯವರು ಬಂದರೆ ಇನ್ನೂ ಖುಷಿ. ಒಂದು ಸಲಕ್ಕೆ ಹತ್ತು ಜನ, ಚಪ್ಪಲಿ ಹೊರಗೆ. ಮೈಕ್ರೋಸ್ಕೋಪಿನಲ್ಲಿ ಎಲ್ಲರಿಗೂ ತೋರಿಸುತ್ತೇನೆ. ಈಗಿನ ಬ್ಯಾಚ್ ಗುರುವಾರ ಶುರುವಾಗಿದೆ, ಹಾಗಾಗಿ ಮಂಗಳವಾರದವರೆಗೆ ಬಂದರೆ ನೋಡಲು ಏನೂ ಇರುವುದಿಲ್ಲ. ಬುಧವಾರ ಬಂದರೆ ಕೋಶಗಳು ಸಿಗುತ್ತವೆ, ನಾನು ಮಾತಾಡಲು ಸಿಗುವುದಿಲ್ಲ. ಚಹಾ ಮಾತ್ರ ಯಾವ ದಿನ ಬಂದರೂ ಇದೆ.